ಬೆಲೆಯೋ, ಬೆಳೆಯೋ?

ಕಳೆದ ತಿಂಗಳ ಅಂಕಣ ಓದಿದ ಪುಣೆಯ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. 'ನೀವಿರುವುದು ರಾಯಪುರಂನಲ್ಲೋ, ರೋಯಪುರಂನಲ್ಲೋ? ಮ್ಯಾಪಿನಲ್ಲಿ ಹುಡುಕಿದರೆ ಇಂಗ್ಲಿಷಿನಲ್ಲಿ ರೋಯಪುರಂ ಅಂತ ಓದುವ ಹಾಗೆ ಕಾಣುತ್ತದಲ್ಲ?'

ಇಲ್ಲಿಯ ಜನ ಬಾಯಲ್ಲಿ ಅನ್ನುವುದೂ ತಮಿಳಿನಲ್ಲಿ ಬರೆಯುವುದೂ ರಾಯಪುರಂ ಅಂತಲೇ. ಸಂತ ಪೀಟರನಿಗೆ ತಮಿಳು ಕ್ರೈಸ್ತರು ರಾಯಪ್ಪರ್ ಅನ್ನುತ್ತಾರೆ. ಆತನ ಹೆಸರಿನ ಚರ್ಚು ಇಲ್ಲಿದೆ, ಊರಿಗೆ ಹೆಸರು ಬಂದದ್ದು ಅದರಿಂದ ಅನ್ನುವುದು ಇಲ್ಲಿಯವರ ಮಾತು. ಇಂಗ್ಲಿಷಿನಲ್ಲಿ ಬರೆದ ಪುಣ್ಯಾತ್ಮರು ಮಾತ್ರ 'ಆರ್' ಆದ ಮೇಲೆ 'ಎ' ಹಾಕುವ ಜಾಗದಲ್ಲಿ 'ಓ' ಹಾಕಿಬಿಟ್ಟರು. ಇಲ್ಲಿಯ ರೈಲು ನಿಲ್ದಾಣ 1856ರದ್ದು. ಅದೇ ವರ್ಷ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಇಲ್ಲಿಂದಲೇ ವಾಲಾಜಾ ರೋಡಿಗೆ ಹೊರಟಿತ್ತು. ಅಂಥ ನಿಲ್ದಾಣದ ಬೋರ್ಡಿನಲ್ಲಿ ಇವತ್ತಿಗೂ ತಮಿಳಿನಲ್ಲಿ ಒಂದು ಉಚ್ಚಾರ, ಇಂಗ್ಲಿಷಿನಲ್ಲಿ ಇನ್ನೊಂದು.

2020ರ ಜೂನಿನಲ್ಲಿ ತಮಿಳುನಾಡು ಸರ್ಕಾರ ಇದಕ್ಕೊಂದು ಮದ್ದು ಅರೆಯಲು ಹೊರಟಿತ್ತು. ಸಾವಿರಕ್ಕೂ ಹೆಚ್ಚು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗನ್ನು ತಮಿಳು ಉಚ್ಚಾರಕ್ಕೆ ಹೊಂದುವಂತೆ ಬದಲಿಸಬೇಕು ಅಂತ ಆದೇಶ ಬಂತು. ನಮ್ಮ ಪಕ್ಕದ ತೊಂಡಿಯಾರ್‌ಪೇಟ್ ತಂಡೈಯಾರ್‌ಪೇಟ್ಟೈ ಆಗಬೇಕಿತ್ತು. ಆದರೆ ಯಾವ ಇಂಗ್ಲಿಷ್ ಅಕ್ಷರ ಎಷ್ಟು ಸಲ ಹಾಕಿದರೆ ಸರಿಯಾದ ತಮಿಳು ಉಚ್ಚಾರ ಬರುತ್ತದೆ ಎಂಬ ವಾದವೇ ಜೋರಾಗಿ, ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ನಮ್ಮ ಕಡೆ 2014ರಲ್ಲಿ ಬ್ಯಾಂಗಲೂರು ಬೆಂಗಳೂರಾಯಿತು ನಿಜ. ಆದರೆ ಅದರ ಇಂಗ್ಲಿಷ್ ಹೆಸರಲ್ಲಿ ಈಗಲೂ ಇರುವುದು ಒಂದೇ 'ಎಲ್'. ಅದು 'ಲೂರು' ಅಲ್ಲ 'ಳೂರು' ಅಂತ ಓದುವವನಿಗೆ ಮೊದಲೇ ಗೊತ್ತಿರಬೇಕು.

ಊರಿನ ಹೆಸರು ತಪ್ಪಾದರೆ ದೊಡ್ಡ ನಷ್ಟವೇನಿಲ್ಲ. ಪಿನ್‌ಕೋಡ್ ನೋಡಿಕೊಂಡು ಪೋಸ್ಟ್‌ಮ್ಯಾನ್ ಬಂದೇ ಬರುತ್ತಾನೆ. ಮನೆಯೊಳಗಿನ ಮಾತು ಹೀಗೆ ತಪ್ಪಿದರೆ ಏನಾಗುತ್ತದೆ ಅನ್ನುವುದು ಹೋದ ವರ್ಷ ನನಗೆ ಗೊತ್ತಾಯಿತು.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿದೆ. ತಮ್ಮ ಅಲ್ಲೇ ಇದ್ದು ಜಮೀನು ನೋಡಿಕೊಳ್ಳುತ್ತಾನೆ. ಅಮ್ಮ ಅವನ ಜೊತೆಗಿದ್ದಾಳೆ. ಹೋದ ವರ್ಷ ಮೂರು ಎಕರೆಗೆ ಈರುಳ್ಳಿ ಹಾಕಿದ್ದ. ಅಕ್ಟೋಬರ್‌ನ ಒಂದು ರಾತ್ರಿ, ನಾನು ಹಾರ್ಬರಿನ ಕೆಲಸ ಮುಗಿಸಿ ಮನೆಗೆ ಬರುವಾಗ, ಅವನಿಂದ ವಾಟ್ಸಾಪ್ ಬಂತು. ಎಲ್ಲರಂತೆ ಅವನೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾನೆ. 'ಅಣ್ಣ, ಈ ಸಲ' ಅಂತ ಶುರುವಾಗಿ, ಆಮೇಲೆ 'ಬಿ, ಇ, ಎಲ್, ಇ' ಎಂಬ ನಾಲ್ಕು ಅಕ್ಷರ, ಕೊನೆಯಲ್ಲಿ 'ಹೋಯ್ತು'. ಇಷ್ಟೇ ಸಂದೇಶ.

ನಾನು 'ಬೆಲೆ ಹೋಯ್ತು' ಅಂತ ಓದಿಕೊಂಡೆ. ಈರುಳ್ಳಿ ಅಂದರೆ ಹಾಗೇ ಅಲ್ಲವೇ? ಒಂದು ವರ್ಷ ಬಂಗಾರ, ಇನ್ನೊಂದು ವರ್ಷ ರಸ್ತೆಗೆ ಸುರಿಯುವ ಕಸ. ಮಾತ್ರವಲ್ಲ, ಅವತ್ತು ಬೆಳಿಗ್ಗೆ ತಾನೇ ಕಲ್‌ಮಂಟಪದ ಮಾರ್ಕೆಟ್ಟಿನಲ್ಲಿ ಈರುಳ್ಳಿ ದರ ಏರಿದೆ ಅಂತ ಗೊಣಗಿಕೊಂಡು ಬಂದಿದ್ದೆ. ಹೀಗಾಗಿ ದೊಡ್ಡ ತಿಳಿದವನಂತೆ ಬರೆದೆ: 'ಹೋದ್ರೆ ಹೋಗ್ಲಿ ಬಿಡೋ, ಇವತ್ತು ಹೋಗುತ್ತೆ ನಾಳೆ ಬರುತ್ತೆ. ಹದಿನೈದು ದಿನ ಮಾರದೆ ಹಿಡಿದಿಟ್ಕೋ. ಇಲ್ಲಿ ಮದರಾಸಲ್ಲಿ ರೇಟು ಏರ್ತಾ ಇದೆ.' ಕೊನೆಗೆ ಒಂದು ಹೆಬ್ಬೆರಳಿನ ಚಿತ್ರ ಬೇರೆ ಒತ್ತಿದೆ.

ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕೆಲಸದ ಗಲಾಟೆಯಲ್ಲಿ ನಾನೂ ಮರೆತೆ. ಹನ್ನೊಂದನೆಯ ದಿನ ಅಮ್ಮನಿಗೆ ಫೋನ್ ಮಾಡಿದಾಗ, ಊಟ ತಿಂಡಿ ವಿಚಾರಿಸುವ ಮೊದಲೇ ಆಕೆ ಕೇಳಿದಳು: 'ಅಲ್ಲ ಕಣಪ್ಪ, ಕೊಳ್ತು ನಾರ್ತಾ ಇರೋ ಈರುಳ್ಳೀನ ಎಲ್ಲಿ ಮಡಿಕ್ಕಂಡು ಕಾಯ್ತಾನೆ ಅವ್ನು? ನಿಂಗೆ ಹೇಳಿದ್ದೇ ತಪ್ಪಾಯ್ತು ಅಂತ ಕೂತವ್ನೆ.'

ಕೀಳುವ ಹೊತ್ತಿಗೆ ವಾರಗಟ್ಟಲೆ ಮಳೆ ಹಿಡಿದು ಗಡ್ಡೆಯೆಲ್ಲ ನೆಲದಲ್ಲೇ ಕೊಳೆತುಹೋಗಿತ್ತು. ಹೋದದ್ದು ಬೆಲೆಯಲ್ಲ, ಬೆಳೆ. ಬೀಜ, ಗೊಬ್ಬರ, ಕೂಲಿ, ಸೊಸೈಟಿ ಸಾಲ ಎಲ್ಲ ಮಣ್ಣುಪಾಲಾದ ರಾತ್ರಿ ಅವನು ಮೊದಲು ನೆನೆಸಿಕೊಂಡದ್ದು ಅಣ್ಣನನ್ನು. ಅಣ್ಣ ಕೊಟ್ಟದ್ದು ಹೆಬ್ಬೆರಳು.

ಫೋನ್ ಮಾಡಿ ಕ್ಷಮೆ ಕೇಳಿದೆ. 'ಹೋಗ್ಲಿ ಬಿಡಣ್ಣ' ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀನು ಓದಿದೋನು, ನಿಂಗೆ ಗೊತ್ತಾಗಲ್ವಾ ಅಂದ್ಕಂಡೆ' ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆ ರಾತ್ರಿ ಊಟದ ಮೇಜಿನಲ್ಲಿ ಈ ಸಂಗತಿ ಹೇಳಿದೆ. ಒಂಬತ್ತನೇ ಕ್ಲಾಸಿನ ಮಗಳು ಫೋನ್ ಕಿತ್ತುಕೊಂಡು ಸಂದೇಶ ನೋಡಿದಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷು. 2006ರ ತಮಿಳು ಕಲಿಕೆಯ ಕಾಯ್ದೆ ಬಂದ ಮೇಲೆ ಇಲ್ಲಿಯ ಮಕ್ಕಳು ಮನೆಯಲ್ಲಿ ಯಾವ ಭಾಷೆಯಾಡಿದರೂ ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ಕನ್ನಡ ಅವಳಿಗೆ ಕಿವಿ ಮತ್ತು ಬಾಯಿಯ ಭಾಷೆ. ಅಕ್ಷರ ಬರುವುದಿಲ್ಲ. ಸಂದೇಶ ನೋಡಿದವಳೇ ಕೇಳಿದಳು: 'ಅಪ್ಪಾ, ಇದು ಯಾವ ಲ? ವಿಲೈಯಾ, ವಿಳೈಚ್ಚಲಾ?'

ನಾನು ಬಾಯಿಗಿಟ್ಟ ತುತ್ತು ಹಾಗೇ ಬಿಟ್ಟೆ. ತಮಿಳಿನಲ್ಲಿ ವಿಲೈ ಅಂದರೆ ಬೆಲೆ. ವಿಳೈಚ್ಚಲ್ ಅಂದರೆ ಬೆಳೆ, ಫಸಲು. ನಮ್ಮ ಬೆಲೆ ಬೆಳೆಗಳ ಅಕ್ಕತಂಗಿಯರೇ ಅವು, ಬಕಾರದ ಜಾಗದಲ್ಲಿ ವಕಾರ ಇದೆ ಅಷ್ಟೇ. ಕನ್ನಡದ ಒಂದಕ್ಷರ ಓದಲು ಬಾರದ ಹುಡುಗಿ, ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಅಪ್ಪ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದ್ದಳು. ತಮಿಳು ಟೀಚರ್ ಅವಳಿಗೆ ಲ, ಳ, ಮತ್ತು 'ತಮಿಳ್' ಎಂಬ ಹೆಸರಿನ ಕೊನೆಗಿರುವ ಆ ಮೂರನೆಯ ಅಕ್ಷರ, ಮೂರನ್ನೂ ಬೇರೆ ಬೇರೆಯಾಗಿ ನಾಲಿಗೆ ಮಡಿಸಿ ಕಲಿಸಿದ್ದಾರೆ. ಆ ಮೂರನೆಯದು ಹಳಗನ್ನಡದಲ್ಲಿ ನಮಗೂ ಇತ್ತು, ೞ ಅಂತ ಬರೆಯುತ್ತಿದ್ದರು. ನಾವು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಇಲ್ಲಿಯ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ತಮಿಳು ಬರೆಯುವಾಗಲೂ ಅದೊಂದಕ್ಕೆ 'ಜೆಡ್', 'ಎಚ್' ಜೋಡಿಸಿ ಮರ್ಯಾದೆ ಕೊಡುತ್ತಾರೆ. ಅರಬ್ಬರೂ ಹೀಗೇ ಮಾಡಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿಲ್ಲದ ತಮ್ಮ ಗಂಟಲಿನ ಅಕ್ಷರಗಳಿಗೆ 3, 7 ಎಂಬ ಅಂಕಿಗಳನ್ನೇ ಅಕ್ಷರವಾಗಿಸಿ ಮೊಬೈಲಿನಲ್ಲಿ ಬರೆಯುತ್ತಾರೆ. ನಾವು ಮಾತ್ರ 'ಎಲ್' ಒಂದೇ ಸಾಕು, ಮಿಕ್ಕಿದ್ದು ಓದುವವನ ಹಣೆಬರಹ ಅಂತ ಬಿಟ್ಟಿದ್ದೇವೆ.

ನೀವೇ ನೋಡಿ. ಆ ನಾಲ್ಕು ಅಕ್ಷರ ಬೆಲೆಯೂ ಹೌದು, ಬೆಳೆಯೂ ಹೌದು, ಸಾರಿಗೆ ಹಾಕುವ ಬೇಳೆಯೂ ಹೌದು. ಕಾಲು ನೋವೋ ಕಾಳು ಮಾರಿದ್ದೋ, ಮನೆ ಕೊಟ್ಟನೋ ಮಣೆ ಕೊಟ್ಟನೋ ಎಲ್ಲ ಊಹೆ. ನೂರರಲ್ಲಿ ತೊಂಬತ್ತೈದು ಸಲ ಊಹೆ ಸರಿಯಾಗಿರುತ್ತದೆ, ಅದಕ್ಕೇ ನಮಗೆ ಧೈರ್ಯ. ಮಿಕ್ಕ ಐದರಲ್ಲಿ ಒಂದು ನನ್ನ ತಮ್ಮನದಾಯಿತು.

ಈಗ ನೀವು, 'ಹೌದು ಸ್ವಾಮಿ, ಇಂಟರ್‌ನೆಟ್ಟಿನಿಂದ ಕನ್ನಡ ಕೆಟ್ಟೇಹೋಯಿತು' ಅನ್ನಲು ಬಾಯಿ ತೆರೆದಿರಬಹುದು. ಸ್ವಲ್ಪ ತಡೆಯಿರಿ. ರಾಜ್ಯೋತ್ಸವದ ವೇದಿಕೆಗಳಲ್ಲಿ ಆ ಮಾತು ಬೇಕಾದಷ್ಟು ಕೇಳಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಆದರೆ ಈ ಘಟನೆ ಆದ ಮೇಲೆ ಹಳೆಯ ಟ್ರಂಕ್ ತೆಗೆದು ಅಪ್ಪನ ಕಾಗದಗಳನ್ನು ಓದಿದೆ. ಓದಿದ ಮೇಲೆ ಅಷ್ಟು ಸುಲಭವಾಗಿ ಹಾಗನ್ನಲು ಮನಸ್ಸು ಬರುತ್ತಿಲ್ಲ.

ನಾನು ಇಲ್ಲಿಗೆ ಬಂದದ್ದು ಮದರಾಸು ಚೆನ್ನೈ ಆದ ವರ್ಷ, 1996ರಲ್ಲಿ. ಅಪ್ಪ ತಿಂಗಳಿಗೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಒತ್ತು ತಪ್ಪಿಲ್ಲ, ಒಂದು ದೀರ್ಘ ತಪ್ಪಿಲ್ಲ. 'ಚಿರಂಜೀವಿಗೆ ಆಶೀರ್ವಾದಗಳು. ಈ ಕಡೆ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಪತ್ರ ಬರೆಯುವುದು. ಮಳೆ ಬೆಳೆ ಸಾಧಾರಣ.' ಎಲ್ಲ ಕಾಗದದಲ್ಲೂ ಮಳೆ ಬೆಳೆ ಸಾಧಾರಣ. ಇಡೀ ಹೊಲ ಒಣಗಿ, ಅಮ್ಮನ ಬಳೆ ಅಡವಿಟ್ಟ ವರ್ಷದ ಕಾಗದದಲ್ಲೂ ಸಾಧಾರಣವೇ. ಅಪ್ಪ ಮನೆಯಲ್ಲಿ ಯಾವತ್ತೂ 'ಬರೆಯುವುದು', 'ತಿಳಿಯುವುದು' ಅಂತ ಮಾತಾಡಿದವರಲ್ಲ. ಕಾಗದ ಎದುರಿಗೆ ಬಂದ ಕೂಡಲೇ ಅವರ ಬಾಯಿಗೆ ಬೀಗ ಬಿದ್ದು, ಮೇಷ್ಟರು ಕಲಿಸಿದ ಭಾಷೆ ಪೆನ್ನಿಗೆ ಬರುತ್ತಿತ್ತು. ಅಕ್ಷರ ಬಾರದ ನಮ್ಮಜ್ಜಿ ಬೇರೆಯವರ ಕೈಲಿ ಕಾಗದ ಬರೆಸುತ್ತಿದ್ದಳು. ಆಕೆ ಅತ್ತುಕೊಂಡು ಹೇಳಿದ್ದನ್ನೆಲ್ಲ ಬರೆಯುವವರು ಒಂದು ಸಾಲಿಗೆ ಇಳಿಸುತ್ತಿದ್ದರು.

ತಮ್ಮನ ಸಂದೇಶದಲ್ಲಿ ಆ ಬೀಗ ಇಲ್ಲ. 'ಹೋಯ್ತು' ಅಂದರೆ ಹೋಯ್ತು. ಅವನು ಮಾತಾಡಿದ ಹಾಗೇ ಬರೆದಿದ್ದಾನೆ. ಅಪ್ಪನ ಕಾಗದದಲ್ಲಿ ಅಕ್ಷರ ಇತ್ತು, ದನಿ ಇರಲಿಲ್ಲ. ತಮ್ಮನದರಲ್ಲಿ ದನಿ ಇದೆ, ಅಕ್ಷರ ಇಲ್ಲ. ಯಾವುದನ್ನು ಕೆಟ್ಟ ಕನ್ನಡ ಅನ್ನಲಿ?

ನಮ್ಮ ಮನೆತನದ ಲೆಕ್ಕವನ್ನೇ ಹೇಳುತ್ತೇನೆ. ಆಗ ಕಾಗದ ಬರೆಯುತ್ತಿದ್ದವರು ಅಪ್ಪ ಒಬ್ಬರೇ. ಈಗ ಮನೆಯ ಗ್ರೂಪಿನಲ್ಲಿ ಇಪ್ಪತ್ತಮೂರು ಜನ ಇದ್ದೇವೆ. ಶಾಲೆ ಬಿಟ್ಟ ಮೇಲೆ ಪೆನ್ನು ಮುಟ್ಟದ ಚಿಕ್ಕಮ್ಮ ದಿನಾ ಬರೆಯುತ್ತಾಳೆ. ತಮ್ಮನ ಹೆಂಡತಿ ಹಬ್ಬದ ಅಡುಗೆಯ ಅಳತೆ ಬರೆಯುತ್ತಾಳೆ. ಲಾರಿ ಓಡಿಸುವ ಭಾವ ಮಧ್ಯರಾತ್ರಿ ಹುಬ್ಬಳ್ಳಿಯಿಂದ, ಇನ್ನೊಂದು ರಾತ್ರಿ ನೆಲ್ಲೂರಿನಿಂದ ಬರೆಯುತ್ತಾನೆ. ಮಗಳು ಸಿಟ್ಟು ಬಂದರೆ 'ಅಪ್ಪಾಆಆಆ' ಅಂತ ಬರೆಯುತ್ತಾಳೆ. ಹ್ರಸ್ವ, ದೀರ್ಘ, ಪ್ಲುತ ಅಂತ ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ? ಪರೀಕ್ಷೆ ಬಿಟ್ಟರೆ ಇನ್ನೆಲ್ಲೂ ಕಾಣದ ಆ ಪ್ಲುತ ಸ್ವರವನ್ನು ಮತ್ತೆ ಬಳಕೆಗೆ ತಂದವರು ವಾಟ್ಸಾಪಿನ ಮಕ್ಕಳು.

ಭಾಷೆ ಬದಲಾಗುವುದೂ ಹೊಸತಲ್ಲ. ಬೆಳಿಗ್ಗೆ ಐದಕ್ಕೆ ನಮ್ಮ ಬೀದಿಯಲ್ಲಿ 'ಪಾಲ್' ಅಂತ ಕೂಗು ಕೇಳಿದಾಗಲೆಲ್ಲ ನೆನಪಾಗುತ್ತದೆ, ಹಳಗನ್ನಡದಲ್ಲಿ ನಮ್ಮದೂ ಪಾಲೇ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಾವು ಹಾವಾಯಿತು. ಆಗಲೂ ಯಾರಾದರೂ 'ಈ ಹುಡುಗರು ಕನ್ನಡ ಕೆಡಿಸಿದರು' ಅಂದಿರಬೇಕು.

ಹಾಗಾದರೆ ನಾವು ಇಂಗ್ಲಿಷ್ ಅಕ್ಷರಕ್ಕೆ ಬಿದ್ದದ್ದು ಯಾಕೆ? ಸೋಮಾರಿತನ ಅನ್ನುವುದು ಅರ್ಧ ಸತ್ಯ. ಮೊದಲ ಮೊಬೈಲುಗಳ ಎಸ್ಸೆಮ್ಮೆಸ್ ನೆನಪಿದೆಯೇ? ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತಿತ್ತು. ಕನ್ನಡದಂಥ ಲಿಪಿಯಲ್ಲಾದರೆ 70 ಮಾತ್ರ. ಅದರಲ್ಲೂ ಯಂತ್ರದ ಎಣಿಕೆ ಬೇರೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಯಂತ್ರಕ್ಕೆ ಅದು ಸಕಾರ, ತಕಾರ, ರಕಾರ, ನಡುವೆ ಎರಡು ಅರ್ಧ ಮಾಡುವ ಗುರುತು, ಕೊನೆಗೊಂದು ದೀರ್ಘ, ಒಟ್ಟು ಆರು. ಎಪ್ಪತ್ತರಲ್ಲಿ ಆರು ಅಲ್ಲೇ ಖರ್ಚು. ಮೊದಲಿಗೆ ಹೆಚ್ಚಿನ ಫೋನುಗಳಲ್ಲಿ ಕನ್ನಡವೇ ಇರಲಿಲ್ಲ. ಯಾರಾದರೂ ಕಷ್ಟಪಟ್ಟು ಕಳಿಸಿದರೂ ಈ ಕಡೆ ಸಾಲುಸಾಲು ಚೌಕದ ಡಬ್ಬಿ ಕಾಣುತ್ತಿತ್ತು.

ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಕೆಲಸ ಮಾಡಿದವರಿದ್ದರು. ಕೆ.ಪಿ. ರಾವ್ ಅವರು ನಮ್ಮ ಕಿವಿಗೆ ಹೊಂದುವ ಕೀಲಿಮಣೆ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅದರಲ್ಲಿ ಸಣ್ಣ 'ಎಲ್' ಒತ್ತಿದರೆ ಲ, ದೊಡ್ಡ 'ಎಲ್' ಒತ್ತಿದರೆ ಳ. ನನ್ನಂಥ ಎಷ್ಟೋ ಹೊರನಾಡ ಕನ್ನಡಿಗರು ಕಂಪ್ಯೂಟರಿನಲ್ಲಿ ಮೊದಲು ತಮ್ಮ ಹೆಸರನ್ನು ಕನ್ನಡದಲ್ಲಿ ನೋಡಿದ್ದು ಅದರಲ್ಲೇ. ಆದರೆ ಜೇಬಿಗೆ ಕನ್ನಡ ಬಂದದ್ದು ತಡವಾಗಿ. ಆಂಡ್ರಾಯ್ಡ್ ಫೋನುಗಳು ಕನ್ನಡ ಲಿಪಿಯನ್ನು ಸರಿಯಾಗಿ ತೋರಿಸಲು ಶುರುಮಾಡಿದ್ದು 2012ರ 4.1 ಆವೃತ್ತಿಯಿಂದ. ಐಫೋನಿನೊಳಗೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಹೆಬ್ಬೆರಳುಗಳಿಗೆ ಇಂಗ್ಲಿಷ್ ಅಕ್ಷರ ಅಭ್ಯಾಸವಾಗಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಜನ ಕಿಟಕಿಯಲ್ಲೇ ಓಡಾಡಲು ಕಲಿತಿದ್ದರು. ಈಗ ಬಾಗಿಲು ತೆರೆದಿದೆ, ನಾವು ಇನ್ನೂ ಕಿಟಕಿ ಹತ್ತುತ್ತಿದ್ದೇವೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಭಾಷೆ ಸಾಯುತ್ತದೆ ಅಂತಲೂ ನಾನು ಹೇಳುವುದಿಲ್ಲ. ಕೊಂಕಣಿಯನ್ನೇ ನೋಡಿ. ಗೋವೆಯಲ್ಲಿ ಅದನ್ನು ನೂರಾರು ವರ್ಷಗಳಿಂದ ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ, ಪತ್ರಿಕೆ ನಡೆಸಿದ್ದಾರೆ, ನಾಟಕ ಬರೆದಿದ್ದಾರೆ. ಮಂಗಳೂರಿನ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಎರಡೂ ಬದುಕಿವೆ. ಆದರೆ ಗೋವೆಯವರ ಪುಸ್ತಕ ಮಂಗಳೂರಿನ ಅಜ್ಜಿಗೆ ಓದಲಾಗದು, ಮಂಗಳೂರಿನ ಪತ್ರಿಕೆ ಗೋವೆಯ ಮೊಮ್ಮಗನಿಗೆ ಓದಲಾಗದು. ಲಿಪಿ ಬೇರೆಯಾದರೆ ಭಾಷೆ ಸಾಯದಿರಬಹುದು, ಮನೆಯವರ ನಡುವೆ ಗೋಡೆ ಏಳುತ್ತದೆ.

ನಮ್ಮ ಮನೆಯಲ್ಲಿ ಅದೇ ಆಗಿತ್ತು, ನಾನು ಗಮನಿಸಿರಲಿಲ್ಲ. ಅಮ್ಮ ನಾಲ್ಕನೇ ಕ್ಲಾಸು. ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಮಗಳಿಗೆ ಇಂಗ್ಲಿಷ್ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಇಬ್ಬರೂ ಆಡುವುದು ಒಂದೇ ಕನ್ನಡ. ಗ್ರೂಪಿನಲ್ಲಿ ಮಗಳು ಬರೆದದ್ದನ್ನು ಅಮ್ಮನಿಗೆ ತಮ್ಮ ಓದಿ ಹೇಳಬೇಕು. ಅಂದರೆ ನಮ್ಮಜ್ಜಿಯ ಕಾಲಕ್ಕೇ ವಾಪಸು ಬಂದಿದ್ದೇವೆ. ಕಾಗದ ಓದಲು ಮತ್ತೆ ಇನ್ನೊಬ್ಬರು ಬೇಕು. ವ್ಯತ್ಯಾಸ ಇಷ್ಟೇ, ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಮ್ಮನಿಗೆ ಬರುತ್ತದೆ, ಆದರೂ ನಾವು ಆಕೆಯನ್ನು ಅಕ್ಷರ ಬಾರದವಳನ್ನಾಗಿ ಮಾಡಿಬಿಟ್ಟೆವು.

'ಮಾತಾಡಿದರೆ ಅದೇ ಬರೆದುಕೊಳ್ಳುತ್ತದಲ್ಲ' ಅಂತ ನನ್ನಾಕೆ ಸಲಹೆ ಕೊಟ್ಟಳು. 2017ರಲ್ಲಿ ಗೂಗಲ್ ಕನ್ನಡದಲ್ಲೂ ಆ ಸೌಲಭ್ಯ ತಂದಿದೆ. ತಮ್ಮನ ಮಗ ಅಜ್ಜಿಯ ಕೈಗೆ ಫೋನ್ ಕೊಟ್ಟು ಮೈಕಿನ ಗುರುತು ಒತ್ತಿದ. ಅಮ್ಮ ಮೊಮ್ಮಗಳಿಗೆ ಗಟ್ಟಿಯಾಗಿ ಹೇಳಿದಳು: 'ಎಂಗಿದ್ದೀಯ ಮಗ, ಉಂಡ್ಯಾ?' ನಮಗೆ ಬಂದದ್ದು: 'ಹೇಗಿದ್ದೀಯ ಮಗ ಉಂಡೆಯಾ'. ಮಗಳಿಗೆ ನಾನೇ ಓದಿ ಹೇಳಿದೆ. 'ಯಾವ ಉಂಡೆ? ಎಳ್ಳುಂಡೆ ಕಳಿಸ್ತಾರಾ ಅಜ್ಜಿ?' ಅಂದಳು. ಎಲ್ಲರೂ ನಕ್ಕೆವು.

ನಕ್ಕ ಮೇಲೆ ಯೋಚನೆ ಬಂತು. ಉಂಡೆ ಹೋಗಲಿ, ತಪ್ಪು ಕೇಳಿಸಿಕೊಂಡಿತು ಅನ್ನೋಣ. ಆದರೆ 'ಎಂಗಿದ್ದೀಯ' ಎಂಬುದನ್ನು ಯಂತ್ರ 'ಹೇಗಿದ್ದೀಯ' ಅಂತ ತಿದ್ದಿದ್ದು ಯಾಕೆ? ಅದು ಓದಿರುವುದು ಪುಸ್ತಕದ ಕನ್ನಡ, ಪತ್ರಿಕೆಯ ಕನ್ನಡ. ಹಿರಿಯೂರು ಸೀಮೆಯ ಮುದುಕಿಯ ಕನ್ನಡ ಅದರ ಪಾಠದಲ್ಲಿ ಇಲ್ಲ. ಅಜ್ಜಿಯ ಅಳುವನ್ನು ಒಂದು ಸಾಲಿಗೆ ಇಳಿಸುತ್ತಿದ್ದವರು ಈಗ ಫೋನಿನೊಳಗೆ ಕೂತಿದ್ದಾರೆ ಅಂತ ಅನ್ನಿಸಿತು. ನಾವೆಲ್ಲ ಆಡುವಂತೆಯೇ, ಆದರೆ ಕನ್ನಡ ಅಕ್ಷರದಲ್ಲಿ ಬರೆಯುತ್ತ ಹೋದರೆ, ಒಂದಲ್ಲ ಒಂದು ದಿನ ಯಂತ್ರವೂ 'ಎಂಗಿದ್ದೀಯ' ಕಲಿತೀತು. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಅದು ಎಲ್ಲಿಂದ ಕಲಿಯಬೇಕು?

ಕೊನೆಗೆ ಮಾಡಿದ್ದು ಸರಳವಾದ ಕೆಲಸ. ತಮ್ಮನ ಫೋನಿನಲ್ಲಿ ಅವನ ಮಗನ ಕೈಯಿಂದಲೇ ಕನ್ನಡ ಕೀಲಿಮಣೆ ಹಾಕಿಸಿದೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಮೂಡುವ ಬಗೆಯದು, ಹೊಸದಾಗಿ ಕಲಿಯುವುದು ಏನೂ ಇಲ್ಲ. ಅದೇ 'ಬಿ, ಇ, ಎಲ್, ಇ' ಒತ್ತಿದರೂ ಮೇಲೆ ಬೆಲೆ, ಬೆಳೆ, ಬೇಳೆ ಅಂತ ಸಾಲಾಗಿ ಕಾಣುತ್ತವೆ. ಯಾವುದು ಬೇಕೋ ಮುಟ್ಟಿದರಾಯಿತು. ಗ್ರೂಪಿನಲ್ಲಿ ಒಂದೇ ಕಟ್ಟಳೆ: ಹೇಗೆ ಆಡುತ್ತೀರೋ ಹಾಗೇ ಬರೆಯಿರಿ, ವ್ಯಾಕರಣ ಯಾರೂ ತಿದ್ದುವ ಹಾಗಿಲ್ಲ, ಅಕ್ಷರ ಮಾತ್ರ ಕನ್ನಡದ್ದಿರಲಿ. ಭಾವ ಒಬ್ಬ ಬಿಟ್ಟು ಮಿಕ್ಕವರೆಲ್ಲ ಒಪ್ಪಿದರು. ಭಾವ ಈಗಲೂ ದನಿ ಸಂದೇಶವನ್ನೇ ಕಳಿಸುತ್ತಾನೆ. ಲಾರಿ ಓಡಿಸುವವನಿಗೆ ಅದೇ ಸರಿ.

ಇನ್ನು ಮಗಳು. 'ಕನ್ನಡ ಕಲಿ' ಅಂತ ಐದು ವರ್ಷ ಗೋಗರೆದಿದ್ದೆ, ವರ್ಣಮಾಲೆಯ ಪುಸ್ತಕ ತಂದುಕೊಟ್ಟಿದ್ದೆ. ಪುಸ್ತಕ ಶೋಕೇಸಿನಲ್ಲಿ ಭದ್ರವಾಗಿತ್ತು. ಚಿಕ್ಕಪ್ಪನ ಸಂಗತಿ ಆದ ಮೇಲೆ ಅವಳಾಗಿಯೇ ಬಂದು, 'ಆ ಎರಡು ಲ ಹೇಗೆ ಬರೆಯೋದು ತೋರಿಸಿ' ಅಂದಳು. ಲ, ಳ ದಿಂದ ಶುರುವಾಯಿತು. ತಮಿಳು ಬರುವ ಮಕ್ಕಳಿಗೆ ಕನ್ನಡ ಅಕ್ಷರ ಕಲಿಯುವುದು ಗುಡ್ಡ ಹತ್ತುವ ಕೆಲಸವಲ್ಲ. ಎ, ಏ ವ್ಯತ್ಯಾಸ ಗೊತ್ತಿರುತ್ತದೆ, ಣ, ನ ಗೊತ್ತಿರುತ್ತದೆ. ತಮಿಳಿನಲ್ಲಿ ಕ ಮತ್ತು ಗಕ್ಕೆ ಒಂದೇ ಅಕ್ಷರ, ನಮ್ಮಲ್ಲಿ ಬೇರೆ ಬೇರೆ ಅಂದಾಗ, 'ಪರವಾಗಿಲ್ಲ, ನಿಮ್ಮದರಲ್ಲಿ ಊಹೆ ಕಮ್ಮಿ' ಅಂದಳು. ಒತ್ತಕ್ಷರಕ್ಕೆ ಮಾತ್ರ ಇನ್ನೂ ಹೆದರುತ್ತಾಳೆ. ಭಾನುವಾರ ಅರ್ಧ ಗಂಟೆ, ಅಜ್ಜಿಯ ಸಂದೇಶಗಳೇ ಪಠ್ಯಪುಸ್ತಕ. ಮೊನ್ನೆ ಅಜ್ಜಿಗೆ ತಾನೇ ಬರೆದಳು: 'ಅಜಿ ನಾನು ಉಂಡೆ ನೀನು ಉಂಡ್ಯಾ'. ಒಂದು ಒತ್ತು ಬಿಟ್ಟಿದ್ದಳು. ನಾನು ತಿದ್ದಲಿಲ್ಲ. ಅಮ್ಮ ಅದನ್ನು ಯಾರ ಸಹಾಯವೂ ಇಲ್ಲದೆ ಓದಿದಳಂತೆ. ಓದಿ, ಪಕ್ಕದ ಮನೆಯವಳಿಗೂ ತೋರಿಸಿದಳಂತೆ.

ಓದುಗರೇ, ನಿಮಗೆ ಉಪದೇಶ ಮಾಡುವ ಯೋಗ್ಯತೆ ಹೆಬ್ಬೆರಳು ಒತ್ತಿದ ನನಗಿಲ್ಲ. ಗೆಳೆಯರ ಜೊತೆ ಹರಟೆಗೆ ಯಾವ ಅಕ್ಷರವಾದರೂ ಇರಲಿ. ಆದರೆ ನಿಮ್ಮ ಮನೆಯ ಗ್ರೂಪಿನಲ್ಲೂ ಕನ್ನಡ ಮಾತ್ರ ಓದಬಲ್ಲ ಒಬ್ಬ ಅಮ್ಮನೋ, ಸೋದರತ್ತೆಯೋ ಇರಬಹುದು, ಒಮ್ಮೆ ನೋಡಿ. ಊರಿನಿಂದ ಯಾರಾದರೂ ನಾಲ್ಕು ಪದ ಬರೆದು ಸುಮ್ಮನಾದರೆ, ಅರ್ಥ ಆಯಿತು ಅಂದುಕೊಳ್ಳುವ ಮೊದಲು ಒಂದು ಸಲ ಫೋನ್ ಮಾಡಿ.

ಈ ಅಂಕಣ ಬರೆಯುತ್ತಿರುವಾಗಲೇ ತಮ್ಮನ ಸಂದೇಶ ಬಂತು. ಈ ವರ್ಷವೂ ಈರುಳ್ಳಿಯನ್ನೇ ಹಾಕಿದ್ದಾನೆ, ಹಟ ಬಿಡುವವನಲ್ಲ. ಮಳೆ ಹದವಾಗಿ ಬಂದಿದೆ. ಸ್ಪಷ್ಟವಾದ ಕನ್ನಡ ಅಕ್ಷರದಲ್ಲಿ ಬರೆದಿದ್ದಾನೆ: 'ಅಣ್ಣ, ಈ ಸಲ ಬೆಳೆ ಐತೆ. ಬೆಲೆ ಇಲ್ಲ.'

ಈ ಸಲ ಊಹೆಗೆ ಜಾಗವಿರಲಿಲ್ಲ. ಉತ್ತರ ಬರೆಯಲಿಲ್ಲ, ಫೋನ್ ಮಾಡಿದೆ.